ನಿಮ್ಮ ಕಿಟ್‌ನ ಕಾರ್ಡಿನಲ್ಲಿ ಹಾಲನ್ನು ದ್ರಾವಣ ಅಂದಿದ್ದೀರಿ, ದಯವಿಟ್ಟು ಸರಿ ಮಾಡಿ

ಗ್ರಾಹಕ ಸೇವಾ ವಿಭಾಗದವರಿಗೆ,

ವಿಷಯ: 9ನೇ ತರಗತಿಯ ಮಿಶ್ರಣ ಮತ್ತು ದ್ರಾವಣ ಕಿಟ್‌ನಲ್ಲಿರುವ ತಪ್ಪುಗಳು ಮತ್ತು ಹಣ ವಾಪಸಾತಿ

ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಕಳೆದ ತಿಂಗಳು ನಿಮ್ಮಿಂದ ಆರು ಕಿಟ್ ತರಿಸಿದೆ. ಒಂದಕ್ಕೆ 1,150 ರೂಪಾಯಿ. ಅದು ನಮ್ಮ ಹಳೇ ವಿದ್ಯಾರ್ಥಿಗಳು ನೂರು, ಇನ್ನೂರು ಹಾಕಿ ಸೇರಿಸಿಕೊಟ್ಟ ದುಡ್ಡು. ನಿಮಗೆ ಎರಡು ಸಲ ಫೋನ್ ಮಾಡಿದೆ. "ಮೇಡಂ, ಮಕ್ಕಳ ಲೆವೆಲ್ಲಿಗೆ ಅಷ್ಟು ಸಾಕು" ಅಂದರು. ಸಾಲದು, ಅದಕ್ಕೇ ಬರೆಯುತ್ತಿದ್ದೇನೆ.

ಮೂರನೇ ಕಾರ್ಡು ನೋಡಿ. "ಎಲ್ಲಾ ಕಡೆ ಒಂದೇ ಥರ ಕಂಡರೆ ಅದು ದ್ರಾವಣ. ಉದಾಹರಣೆಗೆ ಉಪ್ಪುನೀರು, ಹಾಲು" ಎಂದು ಅಚ್ಚು ಹಾಕಿಸಿದ್ದೀರಿ. ಹಾಲು ದ್ರಾವಣ ಅಲ್ಲ, ಕಲಿಲ. ಅದರಲ್ಲಿ ಕೊಬ್ಬಿನ ಪುಟ್ಟ ಪುಟ್ಟ ಹನಿಗಳು ನೀರಿನ ತುಂಬ ಹರಡಿಕೊಂಡಿರುತ್ತವೆ, ಬರಿಗಣ್ಣಿಗೆ ಕಾಣುವುದಿಲ್ಲ ಅಷ್ಟೇ. ದ್ರಾವಣದ ಕಣ 1 ನ್ಯಾನೋಮೀಟರ್‌ಗಿಂತ ಚಿಕ್ಕದು, ಬೆಳಕನ್ನು ಚದುರಿಸಲಾರದು. ಕಲಿಲದ ಕಣ ಅದಕ್ಕಿಂತ ದೊಡ್ಡದು, ಚದುರಿಸುತ್ತದೆ. ಇದನ್ನು ತೋರಿಸಲು ಕಿಟ್ಟೇ ಬೇಡ. ನಾನು ಕ್ಲಾಸಿನ ಕಿಟಕಿ ಮುಚ್ಚಿಸಿ ಎರಡು ಗಾಜಿನ ಲೋಟ ಇಟ್ಟೆ. ಒಂದರಲ್ಲಿ ಉಪ್ಪುನೀರು, ಇನ್ನೊಂದರಲ್ಲಿ ಬರೀ ನೀರಿಗೆ ನಾಲ್ಕು ಹನಿ ಹಾಲು. ಪಕ್ಕದಿಂದ ಟಾರ್ಚ್ ಬಿಟ್ಟರೆ ಉಪ್ಪುನೀರಿನಲ್ಲಿ ಬೆಳಕಿನ ದಾರಿ ಕಾಣಲೇ ಇಲ್ಲ, ಹಾಲಿನ ನೀರಿನಲ್ಲಿ ಆ ತುದಿಯಿಂದ ಈ ತುದಿವರೆಗೆ ಬೆಳ್ಳಗೆ ಒಂದು ಗೆರೆ ಎದ್ದಿತು. ಟಿಂಡಾಲ್ ಪರಿಣಾಮ ಅಂದರೆ ಇದೇ. ಪಠ್ಯಪುಸ್ತಕದಲ್ಲೂ ಇದೆ.

ಈ ಒಂದು ಸಾಲಿನಿಂದ ಏನಾಯಿತು ಅಂತ ಹೇಳುತ್ತೇನೆ ಕೇಳಿ. ನಮ್ಮಲ್ಲಿ ಬಹುತೇಕ ಮಕ್ಕಳು ಅಡಿಕೆ ತೋಟದ ಮನೆಯವರು. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಮತ್ತು ಸುಣ್ಣ ಬೆರೆಸಿದ ಔಷಧ) ಹೊಡೆಯುವುದನ್ನು ಚಿಕ್ಕಂದಿನಿಂದ ನೋಡಿದವರು. ಒಬ್ಬ ಹುಡುಗ ಎದ್ದು ನಿಂತು, "ಮೇಡಂ, ಮೈಲುತುತ್ತದ ನೀರಿಗೆ ಸುಣ್ಣದ ನೀರು ಸೇರಿಸಿದ ಕೂಡಲೇ ಡ್ರಮ್ ಇಡೀ ಒಂದೇ ನೀಲಿ. ಎಲ್ಲರೂ ಬೋರ್ಡೋ ದ್ರಾವಣ ಅಂತಲೇ ಅಂತಾರೆ. ಹಾಗಾದ್ರೆ ಅದೂ ದ್ರಾವಣ ಅಲ್ವಾ?" ಅಂದ. ಕಾರ್ಡಿನ ಪ್ರಕಾರ ಹೌದು. ನಿಜವಾಗಿ ಅಲ್ಲ. ಹೆಸರೇನೇ ಇರಲಿ, ಅದು ನಿಲಂಬನ. ಸುಮ್ನೆ ಬಿಟ್ಟರೆ ತಳಕ್ಕೆ ಕೂರುತ್ತದೆ, ಅದಕ್ಕೇ ಅವನ ಅಪ್ಪ ಡ್ರಮ್ಮಿನ ಪಕ್ಕ ಒಬ್ಬರನ್ನು ಕೋಲು ಕೊಟ್ಟು ಕಲಕುತ್ತಿರಲು ನಿಲ್ಲಿಸುವುದು. ಬರೀ ಮೈಲುತುತ್ತ ಕರಗಿದ ನೀರು ಮಾತ್ರ ನಿಜವಾದ ದ್ರಾವಣ. ಬಣ್ಣ ಇದ್ದರೂ ತಿಳಿಯಾಗಿರುತ್ತದೆ, ರಾತ್ರಿಯೆಲ್ಲ ಇಟ್ಟರೂ ಕೂರುವುದಿಲ್ಲ. ಅವನಿಗೆ ಮನೆಯಲ್ಲೇ ಗೊತ್ತಿದ್ದ ವಿಷಯವನ್ನು ನಿಮ್ಮ ಕಾರ್ಡು ಕೆಡಿಸಿತು.

ಐದನೇ ಕಾರ್ಡಿನಲ್ಲಿ ಲೆಕ್ಕ ತಪ್ಪಿದೆ. 20% ಉಪ್ಪಿನ ದ್ರಾವಣಕ್ಕೆ 100 ಗ್ರಾಂ ನೀರಿಗೆ 20 ಗ್ರಾಂ ಉಪ್ಪು ಹಾಕಿ ಎಂದಿದ್ದೀರಿ. ಆಗ ಒಟ್ಟು ತೂಕ 120 ಗ್ರಾಂ, ಶೇಕಡಾವಾರು ಸುಮಾರು 16.7. ನೀರು 80 ಗ್ರಾಂ ಇರಬೇಕು. ತೋಟದಲ್ಲಿ 1% ಬೋರ್ಡೋಗೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಅನ್ನುತ್ತಾರೆ. ಅಷ್ಟು ತೆಳುವಾದದ್ದಕ್ಕೆ ವ್ಯತ್ಯಾಸ ತೀರಾ ಕಡಿಮೆ, ನಡೆಯುತ್ತದೆ. 20ಕ್ಕೆ ನಡೆಯುವುದಿಲ್ಲ. ಪರೀಕ್ಷೆಯಲ್ಲಿ ಈ ಲೆಕ್ಕ ಬರುತ್ತದೆ, ಮಕ್ಕಳ ಅಂಕ ಹೋಗುತ್ತದೆ.

ಶಾಯಿಯ ಬಣ್ಣ ಬೇರ್ಪಡಿಸುವ ಪ್ರಯೋಗಕ್ಕೆ ಪರ್ಮನೆಂಟ್ ಮಾರ್ಕರ್ ಕೊಟ್ಟಿದ್ದೀರಿ. ಅದು ನೀರಿನಲ್ಲಿ ಕರಗುವುದೇ ಇಲ್ಲ. ನೀರು ಕಾಗದದ ತುದಿವರೆಗೆ ಏರಿತು, ಚುಕ್ಕಿ ಇದ್ದಲ್ಲೇ ಇತ್ತು.

ಇದೆಲ್ಲಕ್ಕಿಂತ ನನಗೆ ಹೆದರಿಕೆ ಆಗಿದ್ದು ಏಳನೇ ಕಾರ್ಡು ಓದಿದಾಗ. ನೀರು ಆವಿಯಾದ ಮೇಲೆ ಉಳಿದ ಬಿಳಿ ಪುಡಿಯನ್ನು "ನಾಲಿಗೆಗೆ ಇಟ್ಟು ಉಪ್ಪು ಎಂದು ಖಚಿತಪಡಿಸಿಕೊಳ್ಳಿ" ಎಂದಿದೆ. ಅದೇ ಡಬ್ಬಿಯಲ್ಲಿ ಮೈಲುತುತ್ತ ಇದೆ, ಅದು ವಿಷ. ಅಮೋನಿಯಂ ಕ್ಲೋರೈಡ್ ಪೊಟ್ಟಣವೂ ಇದೆ, ಅದರ ಮೇಲೆ ಹೆಸರೇ ಇಲ್ಲ, ನೋಡಲು ಥೇಟ್ ಪುಡಿ ಉಪ್ಪು. ಪ್ರಯೋಗದ ಯಾವ ವಸ್ತುವನ್ನೂ ಬಾಯಿಗೆ ಹಾಕಬಾರದು ಅಂತ ನಾವು ಮೊದಲ ದಿನವೇ ಹೇಳಿಕೊಡುತ್ತೇವೆ. ಮನೆಯಲ್ಲಿ ಒಂದೇ ಮಗು ಕೂತು ಈ ಕಾರ್ಡು ಓದಿಕೊಂಡು ಮಾಡಿದರೆ ಯಾರು ಹೊಣೆ?

ನನಗೆ 6,900 ರೂಪಾಯಿ ವಾಪಸ್ ಬೇಕು. ಈ ಕಿಟ್ ಕೊಂಡ ಎಲ್ಲರಿಗೂ ಏಳನೇ ಕಾರ್ಡಿನ ಬಗ್ಗೆ ಇದೇ ವಾರ ಮೆಸೇಜ್ ಹೋಗಬೇಕು, ಅದಕ್ಕೆ ಮಾತ್ರ ಕಾಯಲಾಗದು. ಮೂರು, ಐದನೇ ಕಾರ್ಡು ತಿದ್ದಿ ಹೊಸದಾಗಿ ಕಳಿಸಿ, ಪ್ರತಿ ಪೊಟ್ಟಣದ ಮೇಲೂ ಕನ್ನಡದಲ್ಲಿ ಹೆಸರು ಹಾಕಿಸಿ. 15 ದಿನದಲ್ಲಿ ಉತ್ತರ ಬರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ. ಕಾರ್ಡುಗಳ ಫೋಟೋ ಮತ್ತು ಬಿಲ್ ಜೊತೆಗಿವೆ.

ತಿದ್ದಲು ಯಾರೂ ಸಿಗದಿದ್ದರೆ ಹೇಳಿ, ಕಾರ್ಡುಗಳನ್ನು ನಾನೇ ಕೂತು ತಿದ್ದಿಕೊಡುತ್ತೇನೆ, ಅದಕ್ಕೆ ದುಡ್ಡು ಬೇಡ. ಆರೂ ಕಿಟ್‌ಗಳನ್ನು ಸ್ಟಾಫ್ ರೂಮಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಯಾವಾಗ ಬಂದರೂ ತೆಗೆದುಕೊಂಡು ಹೋಗಬಹುದು.

ಇತಿ,
ವಿಜ್ಞಾನ ಶಿಕ್ಷಕಿ