ಇಡೀ ಜಿಲ್ಲೆಯ ಶೇಪ್‌ಫೈಲ್ ಇನ್ನು ಮುಂದೆ ಇಲ್ಲ: ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಬರುವ ಒಂದನೇ ತಾರೀಖಿನಿಂದ ಇಡೀ ಜಿಲ್ಲೆಯ ಶೇಪ್‌ಫೈಲನ್ನು (ಕಂಪ್ಯೂಟರ್ ನಕ್ಷೆಯ ಹಳೆಯ ಬಗೆಯ ಫೈಲು) ಪೆನ್‌ಡ್ರೈವ್‌ಗೆ ತುಂಬಿ ಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ನಿಮಗೆ ಬೇಕಾದ ತಾಲ್ಲೂಕು, ಹೋಬಳಿ ಅಥವಾ ಭದ್ರಾ ನಾಲೆಯಂಚಿನ ಊರುಗಳನ್ನಷ್ಟೇ ಆಯ್ದು ಜಿಯೋಪ್ಯಾಕೇಜ್ (ಎಲ್ಲವೂ ಒಂದೇ ಫೈಲಿನಲ್ಲಿರುವ ಹೊಸ ಬಗೆ) ಮಾಡಿ ಕೊಡುತ್ತೇವೆ. ಒಂದು ಲೇಯರ್‌ಗೆ, ಅಂದರೆ ನಕ್ಷೆಯ ಒಂದು ಪದರಕ್ಕೆ, 250 ರೂಪಾಯಿ.

"ಎರಡು ಕ್ಲಿಕ್ಕಿಗೆ 250 ರೂಪಾಯಾ? ಕ್ಯೂಜಿಐಎಸ್ ಬಿಟ್ಟಿ ಸಿಗುತ್ತಲ್ಲ?" ಕೌಂಟರಿನಲ್ಲೂ ಫೋನಿನಲ್ಲೂ ಇದೇ ಮಾತು. ಕ್ಯೂಜಿಐಎಸ್ ಎಂಬ ಈ ನಕ್ಷೆ ಸಾಫ್ಟ್‌ವೇರ್ ಬಿಟ್ಟಿ, ನಿಜ. ನೀವೇ ಮಾಡಿಕೊಂಡರೆ ನಮಗೇನೂ ಬೇಸರವಿಲ್ಲ, ದಾರಿ ಇಲ್ಲೇ ಇದೆ. ಅದರಲ್ಲಿ ಕಂಟ್ರೋಲ್ ಎಫ್3 ಒತ್ತಿ, ಷರತ್ತು ಬರೆದು ಆಯುವ ಕಿಟಕಿ ತೆರೆಯುತ್ತದೆ. ಕಾಲಂ ಹೆಸರನ್ನು ಡಬಲ್ ಕೋಟ್‌ನಲ್ಲಿ, ತಾಲ್ಲೂಕಿನ ಹೆಸರನ್ನು ಸಿಂಗಲ್ ಕೋಟ್‌ನಲ್ಲಿ ಬರೆದು, ನಡುವೆ ಸಮ ಚಿಹ್ನೆ (=) ಹಾಕಿ ಸೆಲೆಕ್ಟ್ ಮಾಡಿ. ಆಮೇಲೆ ಲೇಯರ್ ಮೇಲೆ ರೈಟ್ ಕ್ಲಿಕ್, ಎಕ್ಸ್‌ಪೋರ್ಟ್, ಸೇವ್ ಸೆಲೆಕ್ಟೆಡ್ ಫೀಚರ್ಸ್ ಆ್ಯಸ್. ಕ್ಲಿಕ್ಕಿನ ಲೆಕ್ಕ ಇಷ್ಟೇ.

ಹೊತ್ತು ಹೋಗುವುದು ಬೇರೆ ಕಡೆ. 2011ರ ಜನಗಣತಿ ಡೇಟಾದಲ್ಲಿ ಹರಪನಹಳ್ಳಿ ಇನ್ನೂ ದಾವಣಗೆರೆ ಜಿಲ್ಲೆಯಲ್ಲೇ ಇದೆ. ನ್ಯಾಮತಿ ತಾಲ್ಲೂಕು ಹುಟ್ಟೇ ಇಲ್ಲ, ಅದರ ಊರುಗಳೆಲ್ಲ ಹೊನ್ನಾಳಿಯ ಹೆಸರಿನಲ್ಲಿವೆ. ಜಿಲ್ಲೆಯ ಹೆಸರು ಹಾಕಿ ಆಯ್ದರೆ ಇವತ್ತು ವಿಜಯನಗರ ಜಿಲ್ಲೆಗೆ ಸೇರಿರುವ ಹರಪನಹಳ್ಳಿಯ ಊರುಗಳೂ ಬರುತ್ತವೆ. ನ್ಯಾಮತಿಯನ್ನು ಊರೂರು ನೋಡಿ ಬೇರ್ಪಡಿಸಬೇಕು. ದಾವಣಗೆರೆಯ ಇಂಗ್ಲಿಷ್ ಸ್ಪೆಲ್ಲಿಂಗಿನ ನಡುವೆ ಒಂದು ಪಟ್ಟಿಯಲ್ಲಿ 'ಎ' ಇದ್ದರೆ ಇನ್ನೊಂದರಲ್ಲಿ ಇರುವುದಿಲ್ಲ. ಸಮ ಚಿಹ್ನೆ ನಂಬಿದರೆ ಅರ್ಧ ಸಾಲು ಕೈಬಿಟ್ಟು ಹೋಗುತ್ತದೆ, ಸಾಫ್ಟ್‌ವೇರ್ ತುಟಿ ಪಿಟಕ್ಕೆನ್ನುವುದಿಲ್ಲ. ಇನ್ನು ಹರಿಹರದ ಗಡಿ ಕೊಟ್ಟು ಸೆಲೆಕ್ಟ್ ಬೈ ಲೊಕೇಶನ್‌ನಲ್ಲಿ (ಜಾಗ ನೋಡಿ ಆಯುವ ಸಾಧನ) 'ಇಂಟರ್‌ಸೆಕ್ಟ್' ಆರಿಸಿದರೆ ಗಡಿ ತಾಗಿದ್ದಷ್ಟಕ್ಕೇ ಹೊಳೆಯಾಚೆಯ ರಾಣೇಬೆನ್ನೂರು ಕಡೆಯ ಊರುಗಳೂ ಸೇರಿಕೊಳ್ಳುತ್ತವೆ. 'ವಿದಿನ್', ಅಂದರೆ ಪೂರ್ತಿ ಒಳಗಿರುವುದಷ್ಟೇ ಸಾಕು ಎಂದು ಹಾಕಿದರೆ ಗೆರೆ ಕೂದಲೆಳೆಯಷ್ಟು ಹೊರಚಾಚಿದ ನಮ್ಮ ಊರೇ ಬಿಟ್ಟುಹೋಗುತ್ತದೆ. ಅದಕ್ಕೇ ನಾವು ಪ್ರತಿ ಊರಿನೊಳಗೆ ಒಂದು ಬಿಂದು ಇಟ್ಟು, ಆ ಬಿಂದು ಗಡಿಯೊಳಗಿದೆಯೇ ಎಂದು ನೋಡಿ ಆಯುತ್ತೇವೆ. ಆ ಮೇಲೆ ಊರಿನ ಪಟ್ಟಿ ಹಿಡಿದು ಎಣಿಸುತ್ತೇವೆ. 250 ರೂಪಾಯಿ ಈ ಎಣಿಕೆಯದ್ದು.

ಶೇಪ್‌ಫೈಲ್ ಬಿಡಲು ಕಾರಣ ಕನ್ನಡ. ಅದರಲ್ಲಿ ಕಾಲಂ ಹೆಸರಿಗೆ ಸಿಗುವುದು 10 ಬೈಟ್. ಕಂಪ್ಯೂಟರಿನಲ್ಲಿ ಅಕ್ಷರ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ (ಇಂಥ ಪದ್ಧತಿಯೇ ಎನ್‌ಕೋಡಿಂಗ್) ಕನ್ನಡದ ಒಂದೊಂದು ಅಕ್ಷರ, ಒಂದೊಂದು ಮಾತ್ರೆ ಗುರುತು 3 ಬೈಟ್ ನುಂಗುತ್ತದೆ. 'ಗ್ರಾಮ' ಅಂತ ಬರೆಯಲೂ ಜಾಗ ಸಾಲದು. ಹೋದ ಬಾರಿ ಕೆಲವರಿಗೆ ಊರಿನ ಹೆಸರೆಲ್ಲ ಪ್ರಶ್ನೆ ಚಿಹ್ನೆಯಾಗಿ ಬಂದದ್ದು ಮಾತ್ರ ನಮ್ಮದೇ ತಪ್ಪು. ಸೇವ್ ಮಾಡುವಾಗ ಎನ್‌ಕೋಡಿಂಗ್ ಬದಲಿಸಿರಲಿಲ್ಲ. ಕ್ಷಮಿಸಿ, ಆ ಫೈಲುಗಳನ್ನು ದುಡ್ಡಿಲ್ಲದೆ ಮತ್ತೆ ಮಾಡಿಕೊಡುತ್ತೇವೆ. ಆದರೆ ಶೇಪ್‌ಫೈಲ್ ಎಂಬ ಐದಾರು ಫೈಲುಗಳ ಕಂತೆಯಲ್ಲಿ ಆಕಾರವಷ್ಟೇ ಇರುವ ಎಸ್‌ಎಚ್‌ಪಿ ಒಂದನ್ನೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ "ಡೇಟಾ ಖಾಲಿ ಕೊಟ್ಟಿದ್ದಾರೆ" ಎಂದರೆ ಅದನ್ನು ನಮ್ಮ ತಲೆಗೆ ಕಟ್ಟಬೇಡಿ.

ಹೊಸ ಫೈಲುಗಳೆಲ್ಲ ಇಪಿಎಸ್‌ಜಿ 32643 ಎಂಬ ನಿರ್ದೇಶಾಂಕ ಪದ್ಧತಿಯಲ್ಲಿ, ಅಂದರೆ ಮೀಟರಿನಲ್ಲಿ ಇರುತ್ತವೆ. ಅಕ್ಷಾಂಶ ರೇಖಾಂಶದ ಫೈಲಿನಲ್ಲಿ ನಾಲೆಗೆ 100ರ ಬಫರ್ (ಸುತ್ತಲಿನ ಅಂಚುಪಟ್ಟಿ) ಹಾಕಿದರೆ ಅದು 100 ಡಿಗ್ರಿ!

ಒಂದು ಎಚ್ಚರಿಕೆ: ಜಿಯೋಪ್ಯಾಕೇಜನ್ನು ಬೇರೆ ಕಡೆ ಕಾಪಿ ಮಾಡುವ ಮೊದಲು ಕ್ಯೂಜಿಐಎಸ್ ಮುಚ್ಚಿ. ತೆರೆದಿದ್ದಾಗ ಹೊಸ ತಿದ್ದುಪಡಿಗಳು ಪಕ್ಕದ 'ವಾಲ್' (-wal) ಎಂಬ ತಾತ್ಕಾಲಿಕ ಫೈಲಿನಲ್ಲಿ ಉಳಿದಿರಬಹುದು. ಅದೇ ಫೈಲಿಗೆ ಮತ್ತೊಂದು ಲೇಯರ್ ಸೇವ್ ಮಾಡುವಾಗ 'ಓವರ್‌ರೈಟ್ ಫೈಲ್' ಒತ್ತಿದರೆ ಹಳೆಯ ಲೇಯರ್‌ಗಳೆಲ್ಲ ಹೋಗುತ್ತವೆ.

ಇಡೀ ಜಿಲ್ಲೆಯ ಹಳೆಯ ಫೈಲ್ ಕೊಂಡವರು ತಿಂಗಳ ಕೊನೆಯೊಳಗೆ ಪೆನ್‌ಡ್ರೈವ್ ತನ್ನಿ. ಒಂದು ತಾಲ್ಲೂಕು ಉಚಿತವಾಗಿ ಆಯ್ದು ಕೊಡುತ್ತೇವೆ, ಎಣಿಸಿಯೇ.

ಇತಿ,
ನಿಮ್ಮ ನಕ್ಷೆ ಅಂಗಡಿಯವರು, ದಾವಣಗೆರೆ