ಡ್ರಮ್ಸ್ ಹಿಂದಿನಿಂದ ಮೈಕಿನ ಮುಂದಕ್ಕೆ

ಪ್ರೀತಿಯ ಗೆಳೆಯ,

ನಿಮ್ಮ ಬ್ಯಾಂಡಿನ ಹಾಡುಗಾರ ಬಿಟ್ಟು ಹೋದ, ಈಗ ಎಲ್ಲರೂ ನೀನೇ ಹಾಡು ಅಂತ ಬೆನ್ನು ಬಿದ್ದಿದ್ದಾರೆ ಅಂತ ಬರೆದಿದ್ದೀಯ. ಒಮ್ಮೆ ಮೈಕ್ ಹಿಡಿದರೆ ಆಮೇಲೆ ಯಾರೂ ನಿನ್ನನ್ನು ಡ್ರಮ್ಮರ್ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ ಅನ್ನುವ ಭಯ ನಿನಗೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅಂತ ಕೂತು ಬರೆಯುತ್ತಿದ್ದೇನೆ. ಹೇಳಬೇಕಾದದ್ದು ಫಿಲ್ ಕಾಲಿನ್ಸ್ ಬಗ್ಗೆ. ಅವನ ಹೆಸರೆತ್ತಿದರೆ ಸಾಕು, ಎಂಬತ್ತರ ದಶಕದ ಪ್ರೇಮಗೀತೆಯವನು ತಾನೇ ಅಂತ ಮುಖ ತಿರುಗಿಸುತ್ತೀಯ. ನನ್ನ ಮಟ್ಟಿಗೆ ಆತ ಕೊನೆವರೆಗೂ ಡ್ರಮ್ಮರ್ರೇ ಕಣೋ. ಹಾಡಿದ್ದೂ ಡ್ರಮ್ಮರನ ಕಿವಿ ಇಟ್ಟುಕೊಂಡೇ.

ಆ ಕಿವಿ ಎಂಥದ್ದು ನೋಡು. 1970ರಲ್ಲಿ ಜೆನೆಸಿಸ್ ಎಂಬ ಇಂಗ್ಲಿಷ್ ರಾಕ್ ತಂಡಕ್ಕೆ ಡ್ರಮ್ಮರ್ ಬೇಕಾಗಿತ್ತು. ತಂಡದ ಹಾಡುಗಾರ ಪೀಟರ್ ಗೇಬ್ರಿಯಲ್‌ನ ಅಪ್ಪ ಅಮ್ಮನ ಮನೆಯಲ್ಲಿ ಆಡಿಷನ್. ಹತ್ತೊಂಬತ್ತರ ಹುಡುಗ ಕಾಲಿನ್ಸ್ ಹೇಳಿದ್ದಕ್ಕಿಂತ ಮುಂಚೆಯೇ ಹೋಗಿಬಿಟ್ಟಿದ್ದ. ಸರದಿ ಬರುವ ತನಕ ಈಜುಕೊಳದಲ್ಲಿ ಈಜುತ್ತಿರು ಅಂದರು. ಅವನು ನೀರಲ್ಲಿದ್ದುಕೊಂಡೇ ತನಗಿಂತ ಮುಂಚಿನವರು ನುಡಿಸುತ್ತಿದ್ದದ್ದನ್ನೆಲ್ಲ ಕೇಳಿಸಿಕೊಂಡ. ಅವನ ಹೆಸರು ಕರೆಯುವ ಹೊತ್ತಿಗೆ ಆ ತುಣುಕುಗಳೆಲ್ಲ ಬಾಯಿಪಾಠ ಆಗಿದ್ದವು.

1975ರಲ್ಲಿ ಗೇಬ್ರಿಯಲ್ ತಂಡ ಬಿಟ್ಟ. ನಿಮ್ಮದೇ ಪರಿಸ್ಥಿತಿ. ಆಡಿಷನ್ ಮೇಲೆ ಆಡಿಷನ್ ನಡೆಯಿತು. ಬಂದವರಿಗೆಲ್ಲ ಹಾಡು ಹೇಳಿಕೊಡುವ ಕೆಲಸ ಕಾಲಿನ್ಸ್‌ನದು. ಅಷ್ಟರಲ್ಲಾಗಲೇ ತಂಡದ ಆಲ್ಬಂಗಳಲ್ಲಿ ಒಂದೆರಡು ಹಾಡು ಅವನೇ ಹಾಡಿದ್ದ, ಕೋರಸ್ ಅಂತೂ ಇದ್ದೇ ಇತ್ತು. ಹೇಳಿಕೊಡುತ್ತಿದ್ದವನೇ ಬಂದವರೆಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದಾನೆ ಅನ್ನುವುದು ತಂಡಕ್ಕೆ ಹೊಳೆಯುವುದಕ್ಕೆ ಇಷ್ಟೆಲ್ಲ ಆಗಬೇಕಾಯಿತು. 1976ರ 'ಎ ಟ್ರಿಕ್ ಆಫ್ ದಿ ಟೇಲ್' ಆಲ್ಬಂನಲ್ಲಿ ಮುಖ್ಯ ದನಿ ಅವನದೇ. ಆ ವರ್ಷ ಮಾರ್ಚಿನಲ್ಲಿ ಕೆನಡಾದ ಲಂಡನ್ ಎಂಬ ಊರಿನಲ್ಲಿ ಮೊದಲ ಸಲ ಮುಂದೆ ಬಂದು ನಿಂತ. ಹೂವಿನ ಮುಖವಾಡ ಹಾಕಿಕೊಂಡು ಗೇಬ್ರಿಯಲ್ ನಿಲ್ಲುತ್ತಿದ್ದ ಜಾಗ ಅದು. ಕೈಯಲ್ಲಿ ಕೋಲಿಲ್ಲ, ಮುಂದೆ ಲೋಹದ ತಟ್ಟೆಯಂಥ ಸಿಂಬಲ್‌ಗಳ ಮರೆಯಿಲ್ಲ. ಎಷ್ಟು ಬೆತ್ತಲೆ ಅನಿಸಿರಬೇಕು, ನೀನೇ ಯೋಚಿಸು.

ಆದರೆ ಡ್ರಮ್ಸ್ ಬಿಡಲಿಲ್ಲ. ಆ ಪ್ರವಾಸಕ್ಕೆ ಡ್ರಮ್ಸ್ ಬಾರಿಸಲು ಬಿಲ್ ಬ್ರೂಫರ್ಡ್‌ನನ್ನು ಕರೆದರು, ಮರುವರ್ಷದಿಂದ ಚೆಸ್ಟರ್ ಥಾಂಪ್ಸನ್ ಬಂದ. ಹಾಡಿನ ಸಾಲು ಮುಗಿದು ವಾದ್ಯದ ಭಾಗ ಶುರುವಾದರೆ ಕಾಲಿನ್ಸ್ ಹಿಂದೆ ಓಡಿ ತನ್ನ ಡ್ರಮ್ ಕಿಟ್ ಮೇಲೆ ಕೂರುತ್ತಿದ್ದ. ಇಬ್ಬರೂ ಒಟ್ಟಿಗೆ ಬಾರಿಸುವುದನ್ನು 1977ರ ಲೈವ್ ಆಲ್ಬಂ 'ಸೆಕೆಂಡ್ಸ್ ಔಟ್'ನಲ್ಲಿ ಕೇಳು. ನಿಮ್ಮ ತಂಡಕ್ಕೂ ಇದು ಆಗಬಹುದಾದ ದಾರಿ. ಪೂರ್ತಿ ಹಾಡನ್ನು ಬಾರಿಸುತ್ತಲೇ ಹಾಡಬೇಕು ಅಂತ ಯಾರು ಹೇಳಿದರು?

ಈಗ ನಾನು ನಿಜವಾಗಿ ಹೇಳಬೇಕಾದ ಜಾಗಕ್ಕೆ ಬಂದೆ. ಗೇಬ್ರಿಯಲ್ ತನ್ನ ಮೂರನೇ ಸ್ವಂತ ಆಲ್ಬಂಗೆ ಕಾಲಿನ್ಸ್‌ನನ್ನು ಡ್ರಮ್ಸ್‌ಗೆ ಕರೆದ. ಸಿಂಬಲ್ ಮಾತ್ರ ಮುಟ್ಟಬೇಡ ಅಂದ. ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋ, ಹ್ಯೂ ಪ್ಯಾಡ್ಗಮ್ ಎಂಜಿನಿಯರ್. ಕಲ್ಲಿನ ಗೋಡೆಯ ಕೋಣೆ ಅದು. ಒಳಗಿನವರು ಆಡುವ ಮಾತು ಹೊರಗೆ ಕೇಳಲಿ ಅಂತ ಮೇಲೊಂದು ಮೈಕ್ ಇತ್ತು, ಅದಕ್ಕೆ ಸಣ್ಣ ದನಿಯನ್ನೂ ಎತ್ತಿ ಕೊಡುವ ಭಾರೀ ಕಂಪ್ರೆಸರ್. ಕಾಲಿನ್ಸ್ ಬಾರಿಸುತ್ತಿದ್ದಾಗ ಆ ಮೈಕ್ ತೆರೆದಿತ್ತು. ಇಡೀ ಕೋಣೆಯೇ ಗುಡುಗಿದ ಹಾಗೆ ಸದ್ದು! ಆ ಅನುರಣನಕ್ಕೆ, ಸದ್ದು ಒಂದು ಮಟ್ಟಕ್ಕಿಂತ ಇಳಿದೊಡನೆ ಅದನ್ನು ತಡೆಯುವ ನಾಯ್ಸ್ ಗೇಟ್ ಎಂಬ ಉಪಕರಣ ಹಾಕಿದರು. ಪೆಟ್ಟು ಬೀಳುತ್ತದೆ, ಕೋಣೆ ತುಂಬುತ್ತದೆ, ಇನ್ನೇನು ಹರಡಬೇಕು ಅನ್ನುವಷ್ಟರಲ್ಲಿ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ. ಎಂಬತ್ತರ ದಶಕ ಪೂರ್ತಿ ಎಲ್ಲರೂ ಬೆನ್ನು ಹತ್ತಿದ ಡ್ರಮ್ ಸದ್ದು ಇದೇ.

ಆ ಹೊತ್ತಿಗೆ ಕಾಲಿನ್ಸ್‌ನ ಮದುವೆ ಮುರಿದಿತ್ತು. ಮನೆಯಲ್ಲಿ ಒಬ್ಬನೇ ಕೂತು, ರೋಲ್ಯಾಂಡ್ ಸಿಆರ್-78 ಎಂಬ ರಿದಮ್ ಮಷೀನು, ಒಂದು ಸಿಂಥಸೈಜರ್ ಇಟ್ಟುಕೊಂಡು ಹಾಡು ಕಟ್ಟುತ್ತಿದ್ದ. ಅದರಲ್ಲಿ ಒಂದು 'ಇನ್ ದಿ ಏರ್ ಟುನೈಟ್'. 1981ರಲ್ಲಿ ಅವನ ಮೊದಲ ಸೋಲೋ ಆಲ್ಬಂ 'ಫೇಸ್ ವ್ಯಾಲ್ಯೂ' ಇದರಿಂದಲೇ ಶುರುವಾಗುತ್ತದೆ. ಜಗತ್ತಿಗೆ ಡ್ರಮ್ಮರ್ ಅಂತ ಗೊತ್ತಿದ್ದ ಮನುಷ್ಯ, ತನ್ನ ಹೆಸರಿನ ಮೊದಲ ಆಲ್ಬಂ, ಮೊದಲ ಹಾಡು. ಮೂರೂವರೆ ನಿಮಿಷ ದಾಟಿದರೂ ಅವನ ಡ್ರಮ್ಸ್ ಇಲ್ಲ! ಮಷೀನಿನ ಟಕಟಕ, ಮಂಜು ಕವಿದ ಹಾಗೆ ಕೀಬೋರ್ಡ್, ಅದುಮಿಟ್ಟ ಸಿಟ್ಟಿನ ದನಿ. ಕೇಳುವವನಿಗೆ ಇನ್ನು ತಡೆಯಲಾಗದು ಅನ್ನುವಾಗ ಆ ಟಾಮ್ ಡ್ರಮ್‌ಗಳ ಉರುಳು ಬಂದು ಎದೆಗೆ ಹೊಡೆಯುತ್ತದೆ. ಬರಿಯ ಹಾಡುಗಾರನಿಗೆ ಇಷ್ಟು ಹೊತ್ತು ಕಾಯುವ ಧೈರ್ಯ ಇರುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ. ರೆಕಾರ್ಡ್ ಕಂಪನಿಯ ಯಜಮಾನ ಅಹ್ಮದ್ ಎರ್ಟೆಗುನ್‌ಗೂ ಆ ಕಾಯುವಿಕೆ ಕಷ್ಟವಾಯಿತು. ಅವನ ಮಾತಿಗೆ, ಬಿಡಿಯಾಗಿ ಮಾರುವ ಸಿಂಗಲ್‌ನಲ್ಲಿ ಮೊದಲೇ ಒಂದಿಷ್ಟು ಡ್ರಮ್ಸ್ ಸೇರಿಸಿದರು. ನನಗೆ ಅದು ಸೇರುವುದಿಲ್ಲ.

ಆಮೇಲಿನ ಹತ್ತು ವರ್ಷ ನಿನಗೆ ಗೊತ್ತಿರುವುದೇ. ಅಮೆರಿಕದಲ್ಲಿ ಏಳು ನಂಬರ್ ಒನ್ ಹಾಡು, 1985ರ 'ನೋ ಜಾಕೆಟ್ ರಿಕ್ವೈರ್ಡ್' ಆಲ್ಬಂಗೆ ಗ್ರ್ಯಾಮಿ. ಕೆಲವು ಹಾಡುಗಳಲ್ಲಿ ಸಕ್ಕರೆ ಜಾಸ್ತಿಯಾಯಿತು ಅನ್ನುವ ನಿನ್ನ ಮಾತನ್ನು ಒಪ್ಪುತ್ತೇನೆ. ಆದರೆ ಅದೇ ವರ್ಷಗಳಲ್ಲಿ, ಲೆಡ್ ಜೆಪೆಲಿನ್ ತಂಡದ ಹಾಡುಗಾರನಾಗಿದ್ದ ರಾಬರ್ಟ್ ಪ್ಲಾಂಟ್‌ನ ಮೊದಲೆರಡು ಸೋಲೋ ಆಲ್ಬಂಗಳ ಹೆಚ್ಚಿನ ಹಾಡುಗಳಿಗೆ ಡ್ರಮ್ಸ್ ಬಾರಿಸಿದವನು ಯಾರು? ಸ್ವಂತ ಹೆಸರು ಉತ್ತುಂಗಕ್ಕೇರುತ್ತಿದ್ದಾಗ ಇನ್ನೊಬ್ಬನ ಪ್ರವಾಸದಲ್ಲಿ ಹಿಂದೆ ಕೂತು ಬಾರಿಸಿ ಬಂದ. 1985ರಲ್ಲಿ ಬರಗಾಲದ ನೆರವಿಗೆ ಎರಡು ದೇಶಗಳಲ್ಲಿ ಒಂದೇ ದಿನ ನಡೆದ ಲೈವ್ ಏಡ್ ಕಛೇರಿಯಂದು ಲಂಡನ್ನಿನಲ್ಲಿ ಹಾಡಿ, ಶಬ್ದಕ್ಕಿಂತ ವೇಗದ ಕಾಂಕಾರ್ಡ್ ವಿಮಾನ ಹತ್ತಿ ಅಮೆರಿಕದ ಫಿಲಡೆಲ್ಫಿಯಾಗೆ ಹೋಗಿ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್‌ಗೂ ಡ್ರಮ್ಸ್ ನುಡಿಸಿದ.

ಕಷ್ಟವಾಗುವುದು ಇನ್ನು ಮುಂದಿನದನ್ನು ಬರೆಯಲು. 2007ರಲ್ಲಿ ಜೆನೆಸಿಸ್ ಮತ್ತೆ ಒಂದಾಗಿ ಪ್ರವಾಸ ಹೊರಟಾಗ ಕುತ್ತಿಗೆಯ ಮೂಳೆ ತೊಂದರೆ ಕೊಟ್ಟಿತು. ಆಪರೇಷನ್ ಆಯಿತು, ಬೆರಳುಗಳಿಗೆ ಬಲ ಮರಳಲಿಲ್ಲ. 2010ರಲ್ಲಿ ಬಂದ, ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹಳೆಯ ಹಾಡುಗಳ 'ಗೋಯಿಂಗ್ ಬ್ಯಾಕ್' ಆಲ್ಬಂಗೆ ಕೈಗೆ ಕೋಲನ್ನು ಟೇಪಿನಿಂದ ಸುತ್ತಿಕೊಂಡು ಬಾರಿಸಿದ. ದನಿ ಮಾತ್ರ ಸಾಕಿತ್ತಲ್ಲ, ಡ್ರಮ್ಸ್‌ಗೆ ಬೇರೆ ಯಾರನ್ನಾದರೂ ಕರೆಯಬಹುದಿತ್ತಲ್ಲ! ಕರೆಯಲಿಲ್ಲ. ಇದನ್ನು ಓದಿದ ಮೇಲೂ ಅವನನ್ನು ಡ್ರಮ್ಮರ್ ಅಲ್ಲ ಅನ್ನುತ್ತೀಯಾ?

2017ರಿಂದ ಕುರ್ಚಿಯ ಮೇಲೆ ಕೂತೇ ಹಾಡಿದ. ಹಿಂದೆ ಕಿಟ್ ಮೇಲೆ ಮಗ ನಿಕೊಲಸ್, ಆಗ ಹದಿನಾರರ ಹುಡುಗ. 'ಇನ್ ದಿ ಏರ್ ಟುನೈಟ್'ನ ಆ ಉರುಳು ಬರುವ ಜಾಗದಲ್ಲಿ ಈಗ ಮಗನ ಕೈ. 2022ರ ಮಾರ್ಚಿನಲ್ಲಿ ಲಂಡನ್ನಿನ ಓ2 ಸಭಾಂಗಣದಲ್ಲಿ ಜೆನೆಸಿಸ್‌ನ ಕೊನೆಯ ಕಛೇರಿ ಆಯಿತು. ಪ್ರೇಕ್ಷಕರ ನಡುವೆ ಗೇಬ್ರಿಯಲ್ ಕೂಡ ಇದ್ದ.

ಶನಿವಾರ ನಿಮ್ಮ ಪ್ರಾಕ್ಟೀಸಿಗೆ ಬರುತ್ತೇನೆ. ಅಷ್ಟರಲ್ಲಿ 'ಇನ್ ದಿ ಏರ್ ಟುನೈಟ್' ಕೇಳಿರು. ಸಿಂಗಲ್ ಬೇಡ, ಆಲ್ಬಂನದ್ದು, ಹೆಡ್‌ಫೋನ್ ಹಾಕಿಕೊಂಡು. ವಾದ್ಯದ ಭಾಗಗಳಿಗೆ ನೀನೇ ಕೂರು, ನೀನು ಹಾಡುವಾಗ ಕಿಟ್ ಮೇಲೆ ಕೂರುವ ಹುಡುಗನನ್ನು ನಾನು ಕರೆದುಕೊಂಡು ಬರುತ್ತೇನೆ.

ನಿನ್ನ ಗೆಳೆಯ