ಎಡಗಡೆ ತುಂಬಿ ಬಲಗಡೆ ಖಾಲಿ: ಬೇಸಿಗೆ ಓದಿನ ಜರ್ನಲ್ ಕುರಿತು

ಮಾನ್ಯ ಸಂಪಾದಕರೇ,

ಅಮೆರಿಕದ ಶಾಲೆಗಳಿಗೆ ಜೂನ್‌ನಲ್ಲಿ ರಜೆ ಸಿಕ್ಕ ಮೇಲೆ ಮೊಮ್ಮಕ್ಕಳು ಮೈಸೂರು, ಶಿವಮೊಗ್ಗ, ಧಾರವಾಡದ ಅಜ್ಜಿಮನೆಗಳಿಗೆ ಬಂದಿಳಿಯುವುದು ವಾಡಿಕೆ. ಹೈಸ್ಕೂಲಿನ ಕೊನೆಯ ವರ್ಷಗಳಲ್ಲಿರುವವರ ಸೂಟ್‌ಕೇಸಿನಲ್ಲಿ ಒಂದೆರಡು ಇಂಗ್ಲಿಷ್ ಕಾದಂಬರಿ, ಜೊತೆಗೊಂದು ನೋಟ್‌ಬುಕ್ಕು ಇದ್ದರೆ ಅದು ಎಪಿ (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಪಾಠ) ಅಥವಾ ಹಾನರ್ಸ್ (ಮಾಮೂಲಿಗಿಂತ ಮೇಲಿನ ಮಟ್ಟದ) ಇಂಗ್ಲಿಷ್ ತರಗತಿಯ ರಜಾ ಓದು. ಕಾದಂಬರಿ ಯಾಕೆ ಎಂದು ಯಾರೂ ಕೇಳುವುದಿಲ್ಲ. ನೋಟ್‌ಬುಕ್ಕಿನ, ಅಂದರೆ ಓದುತ್ತ ಬರೆಯಬೇಕಾದ ಜರ್ನಲ್‌ನ ವಿಚಾರ ಮಾತ್ರ ‘ಎಷ್ಟು ಪುಟ ಬರೆಯಬೇಕಂತೆ?’ ಎಂಬಲ್ಲಿಗೆ ಮುಗಿಯುತ್ತದೆ. ಆಗಸ್ಟ್ ಕೊನೆಗೆ ಅಷ್ಟೂ ಪುಟ ಗೀಚಿ ಒಪ್ಪಿಸಲಾಗುತ್ತದೆ. ಅವನ್ನು ತಿದ್ದುವವರು ಅಲ್ಲಿನ ಇಂಗ್ಲಿಷ್ ಶಿಕ್ಷಕರಾದ ನಾವೇ ಆದ್ದರಿಂದ ಈ ಪತ್ರ.

ಮೊದಲು ಒಂದು ಗೊಂದಲ ತಿಳಿಯಾಗಲಿ. ಎಪಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಬೇಸಿಗೆಯಲ್ಲಿ ಇಂಥದ್ದೇ ಪುಸ್ತಕ ಓದಿ ಎಂದು ಹೇಳುವುದಿಲ್ಲ. ಅದು ಕಡ್ಡಾಯ ಪುಸ್ತಕಪಟ್ಟಿಯನ್ನೇ ಕೊಡುವುದಿಲ್ಲ. ಪುಸ್ತಕ, ಜರ್ನಲ್‌ನ ಎಂಟ್ರಿಗಳ (ಟಿಪ್ಪಣಿಗಳ) ಸಂಖ್ಯೆ, ಗಡುವು ಎಲ್ಲವೂ ಆಯಾ ಶಾಲೆಯ, ಎಷ್ಟೋ ಕಡೆ ಆಯಾ ಶಿಕ್ಷಕರ ತೀರ್ಮಾನ. ಪಕ್ಕದ ಊರಿನ ಶಾಲೆಯ ಸೂಚನೆಯನ್ನು ವಾಟ್ಸಾಪ್ ಗುಂಪಿನಿಂದ ಎತ್ತಿ ತಂದು ಮಗುವಿನ ತಲೆಗೆ ಕಟ್ಟಿ ಪ್ರಯೋಜನವಿಲ್ಲ. ಶಾಲೆ ಕೊಟ್ಟ ಹಾಳೆಯನ್ನೇ ಓದಿ.

ಜರ್ನಲ್‌ನ ರೂಪ ಸರಳ. ಪುಟದ ನಡುವೆ ಮೇಲಿಂದ ಕೆಳಗೆ ಒಂದು ಗೆರೆ. ಎಡಗಡೆ ಪುಸ್ತಕದಿಂದ ಆಯ್ದ ಒಂದೆರಡು ವಾಕ್ಯ, ಅಧ್ಯಾಯ, ಪುಟಸಂಖ್ಯೆ. ಬಲಗಡೆ ಆ ವಾಕ್ಯಕ್ಕೆ ಓದುವವರ ಮಾರುತ್ತರ. ಡಯಲೆಕ್ಟಿಕಲ್ ಜರ್ನಲ್ ಅನ್ನುವುದು ಇದಕ್ಕೇ. ಕೆಲವು ಶಿಕ್ಷಕರು ಪ್ರತಿ ಉತ್ತರದ ಪಕ್ಕ ಒಂದು ಗುರುತು ಹಾಕಿಸುತ್ತಾರೆ: ಪ್ರಶ್ನೆಗೆ ಕ್ಯೂ, ಬೇರೊಂದಕ್ಕೆ ಜೋಡಿಸಿದರೆ ಸಿ, ಮುಂದೇನು ಎಂಬ ಊಹೆಗೆ ಪಿ, ಬೆಲೆ ಕಟ್ಟಿದರೆ ಇ. ಸಣ್ಣ ಮಕ್ಕಳ ಆಟದಂತೆ ಕಂಡರೂ ಇದರಿಂದ ಉಪಯೋಗವಿದೆ. ಇಡೀ ನೋಟ್‌ಬುಕ್ಕಿನಲ್ಲಿ ಬರೀ ಸಿ ಕಂಡರೆ ‘ನನಗೂ ಹೀಗೇ ಆಗಿತ್ತು’ ಎಂಬುದನ್ನು ದಾಟಿಲ್ಲ ಎಂದು ಬರೆದವರಿಗೇ ಗೊತ್ತಾಗುತ್ತದೆ.

ಹನ್ನೊಂದನೇ ತರಗತಿಯಲ್ಲಿ ಮತ್ತೆ ಮತ್ತೆ ಬರುವ ಪುಸ್ತಕವೊಂದನ್ನು ನೋಡೋಣ: 1925ರಲ್ಲಿ ಬಂದ ಸ್ಕಾಟ್ ಫಿಟ್ಜ್‌ಜೆರಾಲ್ಡ್ ಅವರ ‘ದಿ ಗ್ರೇಟ್ ಗ್ಯಾಟ್ಸ್‌ಬಿ’. ಇರುವುದು ಒಂಬತ್ತೇ ಅಧ್ಯಾಯ. ಮೊದಲನೆಯದರ ಕೊನೆಯಲ್ಲಿ ಗ್ಯಾಟ್ಸ್‌ಬಿ ಕತ್ತಲಲ್ಲಿ ನೀರಿನ ಕಡೆಗೆ ಕೈಚಾಚಿ ನಿಂತಿರುತ್ತಾನೆ, ಆಚೆ ದಡದಲ್ಲೊಂದು ಹಸಿರು ದೀಪ. ಜರ್ನಲ್ ಮೇಲೆ ಜರ್ನಲ್ ತೆರೆದರೂ ಬಲಗಡೆ ಒಂದೇ ಸಾಲು: ‘ಹಸಿರು ದೀಪ ಭರವಸೆಯ ಸಂಕೇತ.’ ತಪ್ಪಲ್ಲ, ಆದರೆ ಇದನ್ನು ಬರೆಯಲು ಪುಸ್ತಕ ತೆರೆಯಬೇಕಾಗಿಲ್ಲ, ಇಂಟರ್ನೆಟ್ ಗೈಡು ಸಾಕು. ಅದೇ ದೀಪ ಐದನೇ ಅಧ್ಯಾಯದಲ್ಲಿ ಮತ್ತೆ ಬರುತ್ತದೆ. ಈಗ ಡೈಸಿ, ದೀಪವಿದ್ದ ಆ ದಡದ ಮನೆಯವಳು, ಅವನು ಹಂಬಲಿಸಿದವಳು, ಪಕ್ಕದಲ್ಲೇ ಇದ್ದಾಳೆ. ಗ್ಯಾಟ್ಸ್‌ಬಿ ದೀಪದ ಮಾತೆತ್ತುತ್ತಾನೆ, ಅಷ್ಟರಲ್ಲಿ ಅದು ಬರೀ ದೀಪವಾಗಿಬಿಟ್ಟಿದೆ. ಕಾದಂಬರಿ ಮುಗಿಯುವಲ್ಲಿ ಇನ್ನೊಮ್ಮೆ. ಮೂರೂ ಕಡೆಯ ಪುಟಸಂಖ್ಯೆ ಹಾಕಿ, ‘ಕೈಗೆ ಸಿಕ್ಕ ಮೇಲೆ ಬೆಲೆ ಯಾಕೆ ಇಳಿಯಿತು? ಅವನಿಗೆ ಬೇಕಿದ್ದದ್ದು ಡೈಸಿಯೋ, ಅವಳಿಗಾಗಿ ಕಾಯುವುದೋ?’ ಎಂದು ಕೇಳಿದರೆ ಅದು ಓದಿದವರ ಎಂಟ್ರಿ.

ಇನ್ನೊಂದು ನೋಡಿ. ಕತೆ ಹೇಳುವ ನಿಕ್ ತಾನು ಯಾರ ಬಗ್ಗೆಯೂ ತೀರ್ಪು ಕೊಡಲು ಹಿಂಜರಿಯುವವನು ಎಂದು ಮೊದಲ ಪುಟದಲ್ಲೇ ಹೇಳಿಕೊಳ್ಳುತ್ತಾನೆ. ಅದೇ ಅಧ್ಯಾಯದಲ್ಲಿ ಡೈಸಿಯ ಗಂಡ ಟಾಮ್‌ನ ಮೈಕಟ್ಟನ್ನೇ ಕ್ರೂರ ಅನ್ನುತ್ತಾನೆ. ಎರಡೂ ಸಾಲನ್ನು ಎಡಗಡೆ ಒಂದರ ಕೆಳಗೊಂದು ಬರೆದುಕೊಂಡರೆ ಬಲಗಡೆಗೆ ವಿಷಯ ಹುಡುಕಿಕೊಂಡು ಹೋಗಬೇಕಾಗಿಲ್ಲ. ಈ ಮನುಷ್ಯನ ಮಾತನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆ ಉಳಿದ ಎಂಟು ಅಧ್ಯಾಯಕ್ಕೂ ಸಾಕಾಗುತ್ತದೆ.

ಬಲಗಡೆಗೆ ಇಷ್ಟು ಒತ್ತು ಕೊಡಲು ಕಾರಣ, ಪರೀಕ್ಷೆಯ ಅಂಕವೂ ಅಲ್ಲೇ ಇರುವುದು. ಮೇ ತಿಂಗಳ ಎಪಿ ಲಿಟರೇಚರ್ ಪರೀಕ್ಷೆಯಲ್ಲಿ ಎರಡು ಗಂಟೆಗೆ ಮೂರು ಪ್ರಬಂಧ. ಒಂದೊಂದಕ್ಕೆ 6 ಅಂಕ: ಸ್ಪಷ್ಟ ವಾದಕ್ಕೆ 1, ಸಾಕ್ಷ್ಯ ಮತ್ತು ಅದರ ವಿವರಣೆಗೆ 4, ವಿಚಾರದ ಸೂಕ್ಷ್ಮತೆಗೆ 1. ಸಾಕ್ಷ್ಯವನ್ನು ಎತ್ತಿ ತೋರಿಸಿ ವಿವರಿಸದೆ ಬಿಟ್ಟರೆ ಆ ನಾಲ್ಕರಲ್ಲಿ ಹೆಚ್ಚೇನೂ ದಕ್ಕುವುದಿಲ್ಲ. ಮೂರನೇ ಪ್ರಬಂಧಕ್ಕಂತೂ ಎದುರಿಗೆ ಪಠ್ಯವೇ ಇರುವುದಿಲ್ಲ. ಓದಿದ ಒಂದು ಕೃತಿಯನ್ನು ನೆನಪಿನಿಂದ ಎತ್ತಿಕೊಂಡು ವಾದಿಸಬೇಕು. ಜುಲೈನಲ್ಲಿ ಓದಿದ್ದು ಅಷ್ಟು ಹೊತ್ತಿಗೆ ಹತ್ತು ತಿಂಗಳ ಹಳತು. ಆದ್ದರಿಂದ ಪ್ರತಿ ಪುಸ್ತಕ ಮುಗಿದ ದಿನವೇ ನೋಟ್‌ಬುಕ್ಕಿನಲ್ಲಿ ಒಂದು ಪುಟ ಬೇರೆ ಇಡಿ: ಪಾತ್ರಗಳ ಹೆಸರು ಸರಿಯಾದ ಸ್ಪೆಲ್ಲಿಂಗಿನಲ್ಲಿ, ಕತೆ ಹೇಳುವವರು ಯಾರು, ಎಲ್ಲಿ, ಯಾವಾಗ, ತಿರುವು ಕೊಟ್ಟ ಮೂರು ದೃಶ್ಯ, ಕೊನೆಯಲ್ಲಿ ಏನಾಯಿತು. ಏಪ್ರಿಲ್‌ನಲ್ಲಿ ಮಕ್ಕಳು ಹುಡುಕುವುದು ಈ ಪುಟವನ್ನೇ.

ಸಂಖ್ಯೆಯ ವಿಚಾರದಲ್ಲಿ ಶಾಲೆಗಳನ್ನೂ ದೂರಬೇಕು. ಒಂದು ಪುಸ್ತಕಕ್ಕೆ ನಲವತ್ತು, ಐವತ್ತು ಎಂಟ್ರಿ ಕೇಳಿದರೆ ಎಡಗಡೆ ತುಂಬುತ್ತದೆ, ಬಲಗಡೆ ಒಂದೊಂದು ಸಾಲಿಗೆ ಇಳಿಯುತ್ತದೆ. ಹನ್ನೆರಡರಿಂದ ಹದಿನೈದು ಎಂಟ್ರಿ, ಪ್ರತಿಯೊಂದರ ಬಲಗಡೆ ಎಂಬತ್ತರಿಂದ ನೂರು ಪದ: ಇಷ್ಟು ಸಾಕು. ಶಾಲೆ ಹೆಚ್ಚು ಕೇಳಿದ್ದರೆ ಕೊಡಲೇಬೇಕು, ಬೇರೆ ದಾರಿಯಿಲ್ಲ. ಆಗ ಹದಿನೈದನ್ನು ಆಳವಾಗಿ, ಉಳಿದದ್ದನ್ನು ಚುಟುಕಾಗಿ ಬರೆಯುವುದು ಜಾಣತನ.

ದಿನಕ್ಕೆ ಇಪ್ಪತ್ತು ಪುಟದಂತೆ 180 ಪುಟದ ಕಾದಂಬರಿ ಒಂಬತ್ತು ದಿನದ ಕೆಲಸ. ಓದುವಾಗ ಪೆನ್ಸಿಲ್ಲಿನಲ್ಲಿ ಅಂಚಿಗೊಂದು ಗುರುತು ಮಾತ್ರ ಹಾಕಿ. ಪ್ಯಾರಾಗೊಮ್ಮೆ ನಿಲ್ಲಿಸಿ ಬರೆದರೆ ಕತೆಯ ಓಟ ತಪ್ಪುತ್ತದೆ. ಆ ದಿನದ ಓದು ಮುಗಿದ ಮೇಲೆ ಗುರುತುಗಳಲ್ಲಿ ಒಂದನ್ನೋ ಎರಡನ್ನೋ ಆರಿಸಿ ಹತ್ತು ಹದಿನೈದು ನಿಮಿಷ ಬರೆಯಿರಿ. ಎಲ್ಲ ಓದಿ ಮುಗಿಸಿ ಕೊನೆಗೆ ಬರೆದವರ ಜರ್ನಲ್ ಎಲ್ಲಿ ಸಿಕ್ಕಿಬೀಳುತ್ತದೆ ಗೊತ್ತೇ? ಅದರಲ್ಲಿ ಊಹೆಯೇ ಇರುವುದಿಲ್ಲ, ಇದ್ದರೂ ಒಂದೂ ತಪ್ಪಾಗಿರುವುದಿಲ್ಲ. ಮೂರನೇ ಅಧ್ಯಾಯದಲ್ಲಿ ತಪ್ಪು ಊಹಿಸಿ, ಎಂಟನೆಯದಕ್ಕೆ ಬಂದಾಗ ಬೇರೆ ಶಾಯಿಯಲ್ಲಿ ‘ಯಾಕೆ ಹಾಗಂದುಕೊಂಡೆ?’ ಎಂದು ಪಕ್ಕದಲ್ಲಿ ಬರೆದ ಪುಟಕ್ಕೆ ಬೆಲೆ ಹೆಚ್ಚು.

ಬೇರೆ ಕಡೆಯೂ ಎಡವುತ್ತಾರೆ. ‘ಇದು ಮೆಟಫರ್’ ಎಂದು ಹೆಸರಿಟ್ಟು ನಿಲ್ಲಿಸುವುದು. ಅದರಿಂದ ಆ ಜಾಗದಲ್ಲಿ ಏನಾಯಿತು ಎಂಬುದಿರುವುದಿಲ್ಲ. ಪುಟಸಂಖ್ಯೆಗಳೆಲ್ಲ ಮೊದಲ ಅರವತ್ತರೊಳಗೇ ಇರುವುದು. ಮುಂದೆ ಓದಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಡ. ಸಿನಿಮಾ ನೋಡಿ ಬರೆಯುವುದು: 2013ರ ಗ್ಯಾಟ್ಸ್‌ಬಿ ಚಿತ್ರದಲ್ಲಿ ನಿಕ್ ಚಿಕಿತ್ಸಾಲಯದಲ್ಲಿ ಕೂತು ಕತೆ ಬರೆಯುತ್ತಾನೆ, ಕಾದಂಬರಿಯಲ್ಲಿ ಅಂಥ ಚಿಕಿತ್ಸಾಲಯವೇ ಇಲ್ಲ. ಜರ್ನಲ್‌ನಲ್ಲಿ ಅದು ಕಂಡರೆ ಮುಂದೆ ಓದುವ ಅಗತ್ಯ ಬೀಳುವುದಿಲ್ಲ. ಎಐನಿಂದ ಬರೆಸಿದ್ದೂ ಶಾಲೆ ತೆರೆದ ವಾರದಲ್ಲೇ ಬಯಲಾಗುತ್ತದೆ. ಜರ್ನಲ್ ಮುಂದಿಟ್ಟುಕೊಂಡು ನಲವತ್ತು ನಿಮಿಷದಲ್ಲಿ ತರಗತಿಯಲ್ಲೇ ಪ್ರಬಂಧ ಬರೆಯಿರಿ ಎಂದಾಗ ತನ್ನದೇ ನೋಟ್‌ಬುಕ್ಕು ತನಗೇ ಅರ್ಥವಾಗದೆ ಕೂರಬೇಕಾಗುತ್ತದೆ.

ಊರಿಗೆ ಬರುವವರು ಗಮನಿಸಬೇಕಾದದ್ದು ಆವೃತ್ತಿ. ಗ್ಯಾಟ್ಸ್‌ಬಿಯ ಹಕ್ಕುಸ್ವಾಮ್ಯ ಅಮೆರಿಕದಲ್ಲಿ 2021ಕ್ಕೆ ತೀರಿದ್ದರಿಂದ ತರಾವರಿ ಮುದ್ರಣಗಳು ಬಂದಿವೆ, ಪುಟಸಂಖ್ಯೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಶಾಲೆ ಹೇಳಿದ ಪ್ರತಿಯನ್ನೇ ಅಲ್ಲಿಂದ ಹೊತ್ತು ತನ್ನಿ. ಬೆಂಗಳೂರಿನಲ್ಲಿ ಕೊಂಡರೆ, ಅಥವಾ ಕಿಂಡಲ್‌ನಲ್ಲಿ ಪುಟದ ಬದಲು ಲೊಕೇಶನ್ ಸಂಖ್ಯೆ ಬರುತ್ತಿದ್ದರೆ, ಅಧ್ಯಾಯದ ಸಂಖ್ಯೆ ಜೊತೆಗೆ ಬರೆದು ಯಾವ ಮುದ್ರಣ ಎಂಬುದನ್ನು ಮೊದಲ ಪುಟದಲ್ಲಿ ನಮೂದಿಸಿ.

ಅಜ್ಜ ಅಜ್ಜಿಯರಿಗೆ ಇದರಲ್ಲಿ ದೊಡ್ಡ ಪಾಲಿದೆ, ಇಂಗ್ಲಿಷ್ ಬರದಿದ್ದರೂ ಸರಿ. ರಾತ್ರಿ ಊಟದ ಹೊತ್ತಿಗೆ ‘ಇವತ್ತು ಏನಾಯ್ತು ಹೇಳು’ ಎಂದು ಕನ್ನಡದಲ್ಲಿ ಕತೆ ಕೇಳಿ. ಕತೆಯ ಸಾರಾಂಶ ಬಾಯಲ್ಲೇ ಖರ್ಚಾದರೆ ಬಲಗಡೆಗೆ ಅದೇ ಬಂದು ಕೂರುವುದಿಲ್ಲ. ‘ಅವಳು ಯಾಕೆ ಹಾಗೆ ಮಾಡಿದಳಂತೆ? ನಿನಗೆ ಹೇಗೆ ಗೊತ್ತು?’ ಎಂದು ಕೇಳಿದರೆ ಮಗು ಪುಸ್ತಕ ತಿರುವಿ ಸಾಲು ಹುಡುಕುತ್ತದೆ. ಆ ಸಾಲೇ ಎಡಗಡೆಗೆ ಹೋಗಬೇಕಾದದ್ದು. ಉತ್ತರ ಮಾತ್ರ ಯಾರೂ ಹೇಳಿಕೊಡಬೇಡಿ. ಇಂಜಿನಿಯರ್ ಅಪ್ಪಂದಿರು ಹೇಳಿಕೊಟ್ಟ ಉತ್ತರಗಳು ದೂರದಿಂದಲೇ ಗೊತ್ತಾಗುತ್ತವೆ.

ಕೆಲವು ಶಾಲೆಗಳು ಎರಡನೇ ಪುಸ್ತಕವನ್ನು ಮಕ್ಕಳ ಆಯ್ಕೆಗೆ ಬಿಡುತ್ತವೆ. ಅನುವಾದಕ್ಕೆ ಒಪ್ಪಿಗೆ ಇದೆಯೇ ಎಂದು ರಜೆಗೆ ಮುಂಚೆ ಶಿಕ್ಷಕರಿಗೆ ಇಮೇಲ್ ಮಾಡಿದರೆ ನಮ್ಮ ಪುಸ್ತಕಗಳೂ ಪಟ್ಟಿ ಸೇರಬಹುದು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಶ್ರೀನಾಥ್ ಪೆರೂರರ ಇಂಗ್ಲಿಷಿನಲ್ಲಿ ತೆಳುವಾದ ಪುಸ್ತಕ, ಆದರೆ ಜರ್ನಲ್‌ಗೆ ಭರ್ಜರಿ ಸರಕು: ಕತೆ ಹೇಳುವವನಿಗೆ ಹೆಸರೇ ಇಲ್ಲ, ಹಳೆಯ ಮನೆಯಲ್ಲಿ ಇರುವೆಗಳ ಮೇಲೆ ಮನೆಮಂದಿ ಸಾರುವ ಯುದ್ಧ ಆಮೇಲೆ ಯಾವುದರ ಜೊತೆ ಹೊಂದುತ್ತದೆ ಎಂದು ಹಿಂದಕ್ಕೂ ಮುಂದಕ್ಕೂ ತಿರುವಬೇಕಾಗುತ್ತದೆ. 2025ರ ಇಂಟರ್‌ನ್ಯಾಷನಲ್ ಬುಕರ್ ಪಡೆದ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’, ದೀಪಾ ಭಾಸ್ತಿ ಅನುವಾದಿಸಿದ್ದು, ಹನ್ನೆರಡು ಕತೆಗಳದ್ದು. ಕತೆಗೊಂದು ಎಂಟ್ರಿ ಹಾಕಿದರೆ ಲೆಕ್ಕವೂ ಸರಿಹೋಗುತ್ತದೆ. ಬೆಂಗಳೂರಿನ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್ ಪಠ್ಯಕ್ರಮದ) ಶಾಲೆಗಳಲ್ಲೂ ಲರ್ನರ್ ಪೋರ್ಟ್‌ಫೋಲಿಯೊ ಎಂಬ ಹೆಸರಿನಲ್ಲಿ ಇಂಥದ್ದೊಂದು ದಾಖಲೆ ಇಡಿಸುತ್ತಾರೆ. ಮೇಲೆ ಹೇಳಿದ್ದರಲ್ಲಿ ಹೆಚ್ಚಿನದು ಅಲ್ಲಿಗೂ ಸಲ್ಲುತ್ತದೆ.

ಆಗಸ್ಟ್ ಹತ್ತಿರವಾದರೂ ಪುಸ್ತಕ ತೆರೆಯದೆ ಕೂತವರಿಗೆ: ಎರಡೂ ಪುಸ್ತಕವನ್ನು ಒಟ್ಟಿಗೆ ಹಿಡಿಯಬೇಡಿ, ಪಾತ್ರಗಳು ಕಲಸಿಹೋಗುತ್ತವೆ. ಚಿಕ್ಕದನ್ನು ಮೊದಲು ಮುಗಿಸಿ. ದಿನಕ್ಕೆ ನಲವತ್ತು ಪುಟ, ಎರಡೇ ಎಂಟ್ರಿ, ಅಧ್ಯಾಯವನ್ನಂತೂ ಹಾರಿಸಬೇಡಿ. ಎರಡನೆಯದು ಗಡುವಿಗೆ ಮುಗಿಯದೇ ಹೋದರೆ ಎಲ್ಲಿಯವರೆಗೆ ಓದಿದ್ದೀರಿ ಎಂದು ಕೊನೆಯ ಎಂಟ್ರಿಯ ಕೆಳಗೆ ಪುಟಸಂಖ್ಯೆ ಬರೆದು ಒಪ್ಪಿಸಿ. ಅರ್ಧ ಓದಿ ಹಾಗೆಂದು ಬರೆದವರಿಗೆ ಉಳಿದರ್ಧಕ್ಕೆ ಕಾಲಾವಕಾಶ ಕೇಳುವ ಮುಖವಾದರೂ ಇರುತ್ತದೆ.

— ಅಮೆರಿಕದ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಕಲಿಸುವ ಕೆಲವು ಕನ್ನಡಿಗರು